ಅಮ್ಮನ ಗೊಣಗಾಟ

ಮನೋರೋಗ ವಾರ್ಡಿನ ಡಾಕ್ಟರಿಗೆ,

ಅಮ್ಮನ ಫೈಲಿನಲ್ಲಿ ‘ರೋಗಿ ಒಬ್ಬಳೇ ಗೊಣಗುತ್ತಾಳೆ’ ಎಂದು ಬರೆದು ಮಾತ್ರೆ ಹೆಚ್ಚಿಸಿದ್ದೀರಿ. ಅದು ಗೊಣಗಾಟವಲ್ಲ, ಪ್ರಾರ್ಥನೆ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿಯುತ್ತಲೇ ಒಬ್ಬೊಬ್ಬರನ್ನೂ ನೆನೆದು ‘ಕಾಪಾಡಪ್ಪಾ’ ಎಂದವಳು ಅವಳು. ಅವಳ ಕಾಯಿಲೆ ನಿಜ, ಔಷಧಿಯೂ ಬೇಕು. ಆದರೆ ಏನು ಹೇಳುತ್ತಿದ್ದೀರಮ್ಮ ಎಂದು ಒಂದು ಮಾತು ಕೇಳುವುದಕ್ಕೆ ನಿಮಗೇನು ದಾಡಿ?

ಈಗ ಆ ಮಾತ್ರೆಗೆ ನಾಲಿಗೆ ತೊದಲಿ ಮೂರನೆಯವರಿಗೇ ನಿಂತುಹೋಗುತ್ತಾಳೆ. ನಿನ್ನೆ ಅವಳ ಬಾಯಿಯ ಹತ್ತಿರ ಕಿವಿಯಿಟ್ಟು ಕೇಳಿದೆ. ಮೊದಲು ನಾನು, ಆಮೇಲೆ ಪಕ್ಕದ ಮಂಚದ ಅಜ್ಜಿ, ಮೂರನೆಯದು ‘ಆ ಕನ್ನಡಕದ ಡಾಕ್ಟ್ರು, ಪಾಪ, ಊಟಕ್ಕೂ ಕೂರಲ್ಲ.’

ಫೈಲಿನ ಆ ಸಾಲು ಹೊಡೆದುಹಾಕಿ, ಹೆಚ್ಚಿಸಿದ ಮಾತ್ರೆ ಇಳಿಸಿ. ಆ ಪ್ರಾರ್ಥನೆ ನನ್ನದಾಗಿದ್ದರೆ ನಿಮ್ಮನ್ನು ಬಿಟ್ಟೇ ಮುಂದಕ್ಕೆ ಹೋಗುತ್ತಿದ್ದೆ.

ಇಂತಿ,
ಏಳನೇ ಮಂಚದವರ ಮಗಳು