ದೈತ್ಯನ ದನಿ

ಮಾರ್ಚ್ ೧೪, ಶನಿವಾರ

ಅಪ್ಪನಿಗೆ ಇನ್ನೂ ಹೇಳಿಲ್ಲ. ನಾನು ಸದ್ದು ಜೋಡಿಸಿಕೊಟ್ಟ ಹೊಸ ಟಿವಿ ಸರಣಿಯಲ್ಲಿ ಕೋಟೆಗೆ ನುಗ್ಗುವ ದೈತ್ಯನ ಗರ್ಜನೆ ಅವರದೇ ಗೊರಕೆ. ಸ್ಟುಡಿಯೋದಲ್ಲಿ ನಾನೇ ಅದರ ಸ್ಥಾಯಿ ತಗ್ಗಿಸಿ, ಹಿಗ್ಗಿಸಿ ದೃಶ್ಯಕ್ಕೆ ಕೂಡಿಸಿದ್ದು. ನೋಡಿದವರೆಲ್ಲ ಬರೆಯುತ್ತಿದ್ದಾರೆ: ಜೀವ ಬಾಯಿಗೆ ಬಂತು, ಇನ್ನು ನಿದ್ದೆ ಬಂದ ಹಾಗೇ!

ಸಂಜೆ ಮನೆಯಲ್ಲಿ ಟಿವಿಗೆ ಆ ಸರಣಿ ಹಾಕಿದೆ. ಬಾಗಿಲು ಮುರಿದು ದೈತ್ಯ ಗರ್ಜಿಸಿದ. ತಂಗಿ ಕಿಟಾರನೆ ಕಿರುಚಿದಳು. ಅಪ್ಪ ದಿಂಬು ಅವುಚಿಕೊಂಡು, "ಅಬ್ಬಾ, ಎಂಥಾ ಅನಿಷ್ಟ ದನಿಯೋ!" ಎಂದರು.

ತೂಕಡಿಸುತ್ತಿದ್ದ ಅಮ್ಮ ಕಣ್ಣು ಬಿಡದೆಯೇ ಅಪ್ಪನ ಪಕ್ಕೆಗೆ ತಿವಿದಳು. "ರೀ, ಪಕ್ಕಕ್ಕೆ ತಿರುಗ್ರೀ."

"ಎಚ್ಚರವಾಗೇ ಇದೀನಲ್ಲೇ!" ಎನ್ನುತ್ತಲೇ ಅಪ್ಪ ತಿರುಗಿದರು. ದೈತ್ಯ ನಿಲ್ಲಿಸಲಿಲ್ಲ. ಅಮ್ಮ ಇನ್ನೊಮ್ಮೆ ತಿವಿದಳು.

ಪಾಪ, ಅಪ್ಪ. ಈಗ ಪಕ್ಕದ ಕೋಣೆಯಲ್ಲಿ ಮತ್ತೆ ಕೋಟೆ ಮುರಿಯುತ್ತಿದೆ. ಊರವರ ನಿದ್ದೆ ಕೆಡಿಸಿದ ಆ ಸದ್ದಿಗೇ ನನಗೆ ಕಣ್ಣು ಎಳೆಯುತ್ತಿ…