ಅಜ್ಜ ಕಾಯಿಸಿದ ನೀರು

ವಿಲಾಕಾಲಾ,
ಜನವರಿ ೧೯

ಮುದ್ದಿನ ಮಗಳು ಡೆಲ್ಫಿನಾಗೆ,

ನಿನ್ನ ದೊಡ್ಡಪ್ಪನ ಆಶೀರ್ವಾದ. ಅಕ್ಷರ ಸೊಟ್ಟಗಿವೆ ಅಂತ ನಗಬೇಡ. ಗಣಿಯಲ್ಲಿ ಗಂಧಕದ ಮೂಟೆಗಳ ಮೇಲಿನ ಬರಹ ನೋಡಿ ಕಲಿತವು ಇವು.

ಕಲಾಮಾ ಪೇಟೆಯ ಹೋಟೆಲಿನಲ್ಲಿ ಪಾತ್ರೆ ತೊಳೆಯುವುದು ಬಿಟ್ಟು, ಕಾರ್ನಿವಲ್ ಹಬ್ಬಕ್ಕೆ ದೊಡ್ಡಿಯ ಲಾಮಾಗಳ ಕಿವಿಗೆ ಕುಚ್ಚು ಕಟ್ಟಲು ಬಂದು, ನಿನ್ನ ಪಾಲಿನ ಮಂದೆ ಮೇಯಿಸಿಕೊಂಡು ಇಲ್ಲೇ ಉಳಿಯುತ್ತೇನೆ ಅಂತ ಬರೆದಿದ್ದೀಯ. ನಿನ್ನ ದೊಡ್ಡಮ್ಮ ಕಸಿಮಿರಾ ಅದನ್ನು ಮತ್ತೆ ಮತ್ತೆ ಓದಿಸಿಕೊಂಡಳು. ಹಾಗಾಗಿ ಮಂದೆಯ ವಿಷಯ ಹೇಳಲೇಬೇಕು.

ಚಳಿಗಾಲದಲ್ಲಿ ನಮ್ಮ ಮೇಲಿನ ಒರತೆ ಮಧ್ಯಾಹ್ನದವರೆಗೂ ಹೆಪ್ಪುಗಟ್ಟಿರುತ್ತಿತ್ತಲ್ಲ, ಈ ಸಲ ಕಟ್ಟಲೇ ಇಲ್ಲ. ಬೆಳಗ್ಗೆಯೇ ಹಬೆಯಾಡುತ್ತಿತ್ತು. ಕಸಿಮಿರಾ ಕೈ ಅದ್ದಿ, “ನೋಡ್ರೀ, ಮರಿಗಳಿಗೆ ಅಂತ ಅಜ್ಜ ನೀರು ಕಾಯಿಸಿಟ್ಟಿದ್ದಾನೆ! ನೀವು ಒಂದಿನನಾದ್ರೂ ನನಗೆ ಕಾಯಿಸಿಕೊಟ್ಟಿದ್ದೀರಾ?” ಅಂದಳು. ಗಣಿಯವರು ಒರತೆಯ ಮೇಲಿನ ಆ ಬೆಂಕಿಬೆಟ್ಟಕ್ಕೆ ಅಸುಫ್ರೆ ಅಂತ ಗಂಧಕದ ಹೆಸರನ್ನೇ ಇಟ್ಟು ಹೋದರು; ನಮಗೆ ಅವನು ಅಜ್ಜನೇ. ಅಜ್ಜ ಕೊಟ್ಟದ್ದನ್ನು ಬೇಡ ಅನ್ನುವುದುಂಟೆ? ಕಾಣಿಕೆಗೆ ಕೋಕಾ ಎಲೆ ಇಟ್ಟು, ನೆಲಕ್ಕೆ ಮದ್ಯ ಎರೆದು, ನಿನ್ನವೂ ನಮ್ಮವೂ ಎಲ್ಲವನ್ನೂ ದಿನಾ ಅಲ್ಲಿಗೇ ಹೊಡೆದುಕೊಂಡು ಹೋದೆವು. ಕೆಳಗಿನ ತಣ್ಣೀರಿನ ಕಾಲುವೆಯ ಹೂಳು ಯಾರೂ ತೆಗೆಯಲಿಲ್ಲ. ಅದು ಮುಚ್ಚಿಯೇ ಹೋಯಿತು.

ಚಳಿ ಇಳಿಯುವ ಹೊತ್ತಿಗೆ ಲಾಮಾಗಳ ಹಲ್ಲು ಕಪ್ಪಾದವು, ಆಮೇಲೆ ಸವೆದವು. ಹುಲ್ಲು ಕಚ್ಚಲಾರದೆ ಹುಲ್ಲಿನ ಮೇಲೆಯೇ ಮಲಗಿದವು. ಪಶುವೈದ್ಯೆ ಹುಡುಗಿ ಬಂದು ನೀರು ಮೂಸಿ, “ಬೆಟ್ಟದ ಹೊಟ್ಟೇಲಿರೋ ವಿಷ ಇದು. ಇದನ್ನ ಕುಡಿಸು ಅಂದೋರು ಯಾರು?” ಅಂತ ಕೇಳಿದಳು.

“ಅಜ್ಜ ಕಣೇ. ಹೋಗಿ ಅವನನ್ನೇ ಕೇಳು!” ಅಂತ ಕಸಿಮಿರಾ ರೇಗಿದಳು.

ಹುಡುಗಿ ಬೇಸರ ಮಾಡಿಕೊಳ್ಳಲಿಲ್ಲ. ಸವೆದ ಹಲ್ಲಿಗೆ ತನ್ನಲ್ಲಿ ಮದ್ದಿಲ್ಲ ಅಂದಳು. ನಾವು ಕೊಟ್ಟ ಚಹಾವನ್ನು ಮಾತ್ರ ಮುಟ್ಟಲಿಲ್ಲ.

ನಮ್ಮವೆಲ್ಲ ಹೋದವು. ನಿನ್ನವುಗಳಲ್ಲಿ ಆ ಬಿಳಿಯದೊಂದು ಉಳಿದಿದೆ. ಕಸಿಮಿರಾ ಹುಲ್ಲನ್ನು ಕಲ್ಲಿನ ಮೇಲೆ ಜಜ್ಜಿ ಕೈಯಾರೆ ತಿನ್ನಿಸುತ್ತಾಳೆ. “ಡೆಲ್ಫಿನಾ ಬರೋ ತನಕ ಇದನ್ನ ಹೇಗಾದ್ರೂ ಉಳಿಸ್ತೀನಿ” ಅಂತ ಅವಳ ಹಟ. ನಿನಗೆ ತಿಳಿಸಬೇಕು ಅಂದಳು, ತಿಳಿಸಿದ್ದೇನೆ.

ಮೈ ಬೆಚ್ಚಗಿಟ್ಟುಕೋ.

ನಿನ್ನ ದೊಡ್ಡಪ್ಪ,
ಎಲೆಯುತೇರಿಯೊ

ತಾ.ಕ.: ಇಲ್ಲಿಯವರೆಗಿನದನ್ನು ಕಸಿಮಿರಾಗೆ ಓದಿ ಹೇಳಬೇಕಿತ್ತು, ಅದಕ್ಕೇ ಹಾಗೆ ಬರೆದೆ. ಬಿಳಿಯದು ಹೋದ ವಾರವೇ ಸತ್ತಿತು, ಅವಳ ತೊಡೆಯ ಮೇಲೆಯೇ. ಈಗಲೂ ಅವಳು ಜಜ್ಜಿದ ಹುಲ್ಲಿನ ಬೋಗುಣಿ ಹಿಡಿದು ದೊಡ್ಡಿಗೆ ಹೋಗಿದ್ದಾಳೆ. ಬೇಡ ಅನ್ನಲು ನನಗೆ ಬಾಯಿ ಬರುತ್ತಿಲ್ಲ. ಕೆಲಸ ಬಿಡಬೇಡ ಮಗಳೇ. ಬರಬೇಡ.