ಮಗಳು ತಂಗಿಯ ಮುಂದೆ ಅತ್ತಳಂತೆ

ಜುಲೈ ೧೧, ಶನಿವಾರ

ಇದು ಹೊಟ್ಟೆಕಿಚ್ಚೇ. ಈ ಡೈರಿಯಲ್ಲಾದರೂ ಹಾಗೇ ಬರೆಯುತ್ತೇನೆ, ಯಾರು ಓದಬೇಕು.

ವಿದೇಶದ ಹಳೆಗಾಲದ ಕಥೆಯ ಒಂದು ಸಿನಿಮಾವನ್ನು ಮಗಳು ಓದುವ ಆರನೇ ತರಗತಿಗೆ ತೋರಿಸಬಹುದೇ ಎಂದು ನೋಡಿ ಹೇಳಲು ಶಾಲೆಯ ಪೋಷಕರ ಸಮಿತಿ ನನಗೆ ಒಪ್ಪಿಸಿತ್ತು. ಅದರಲ್ಲಿ ಕಪ್ಪು ಹುಡುಗಿಯೊಬ್ಬಳು ಈಜುಕೊಳಕ್ಕೆ ಕಾಲು ಅದ್ದಿದಳೆಂದು ಬಿಳಿಯರು ನೀರನ್ನೆಲ್ಲ ಹೊರಗೆ ಬಿಟ್ಟು ಕೊಳ ತೊಳೆಸುತ್ತಾರೆ. ಅವಳು ಬೇಲಿಯಾಚೆ ನಿಂತು ನೋಡುತ್ತಾಳೆ. ಇಷ್ಟು ಚಿಕ್ಕ ಮಕ್ಕಳು ತಡೆದುಕೊಂಡಾರೇ ಎಂದು ನಾನು ಮೀನಮೇಷ ಎಣಿಸುತ್ತಾ ಕೂತೆ.

ಅಷ್ಟರಲ್ಲಿ ನನ್ನ ತಂಗಿ ನನ್ನ ಮಗಳನ್ನೇ ಥಿಯೇಟರಿಗೆ ಕರೆದೊಯ್ದು ತೋರಿಸಿಕೊಂಡು ಬಂದಿದ್ದಾಳೆ! ಫೋನಿನಲ್ಲಿ ಜಗಳಕ್ಕೇ ಇಳಿದೆ.

"ಅಕ್ಕಾ, ಕ್ಲಾಸಲ್ಲಿ ಅವಳನ್ನ ಇದ್ದಿಲು ಅಂತ ಕರೀತಾರಂತೆ. ಆ ಕೊಳದ ಸೀನ್ ಬಂದಾಗ ನನ್ನ ತೋಳು ಹಿಡ್ಕೊಂಡು ಅತ್ತುಬಿಟ್ಲು," ಅಂದಳು.

ಮಗಳ ನೋವಿಗೆ ಕರುಳು ಕಿವುಚಬೇಕಿತ್ತು. ಅದಕ್ಕೂ ಮೊದಲು, ತಂಗಿಯ ತೋಳೇ ಯಾಕೆ ಬೇಕಾಯಿತು ಎಂದು ಮೈ ಉರಿಯಿತು. ಹೆತ್ತವಳು ನಾನು.

ಫೋನಿಟ್ಟು ಮಗಳನ್ನೇ ಕೇಳಿದೆ, "ನಂಗ್ಯಾಕೆ ಹೇಳ್ಲಿಲ್ಲ ಪುಟ್ಟಿ?"

"ನೀನು ಸ್ಕೂಲಿಗೆ ಬಂದು ಗಲಾಟೆ ಮಾಡ್ತೀಯ. ಚಿಕ್ಕಮ್ಮ ಸುಮ್ನೆ ಕೇಳಿಸ್ಕೊಳ್ತಾಳೆ."

ಸಂಜೆ ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿ ಸಿನಿಮಾ ತೋರಿಸಿ ಅಂದೆ. ಇದ್ದಿಲು ಎಂದು ಕರೆಯುವವರೂ ನೋಡಲಿ. ಪ್ರತಿ ಮಗುವಿನ ಪಕ್ಕದಲ್ಲೂ ಅದರ ಮನೆಯವರೊಬ್ಬರು ಕೂರಬೇಕು ಎಂದೂ ಷರತ್ತು ಹಾಕಿದೆ. ಮಕ್ಕಳ ಹಿತಕ್ಕೆ ಎಂದೆ. ಅದು ಪೂರ್ತಿ ನಿಜವಲ್ಲ.

ವಿಷಯ ತಿಳಿಸಿದಾಗ ಮಗಳ ಮುಖ ಅರಳಿತು. "ಚಿಕ್ಕಮ್ಮನೂ ಬರಬಹುದಾ?"

ಬರಲಿ ಅಂದೆ. ನಗುತ್ತಲೇ ಅಂದೆ. ಈಗ ನೋಡಿದರೆ ನಿದ್ದೆಯೂ ಇಲ್ಲ, ಹಾಳಾದ್ದು.